ಕ್ರೆಡಿಟ್ ಅಂದರೆ ಬಂದ ಹಣವೋ, ಕೊಡಬೇಕಾದ ಹಣವೋ?

ಗಂಗಾವತಿಯ ಭತ್ತದ ಅಂಗಡಿಯೊಂದರಲ್ಲಿ ಲೆಕ್ಕ ನೋಡಲು ಕೂತಿದ್ದೆ. ಕಂಪ್ಯೂಟರಿನಲ್ಲಿ ಕ್ಯಾಶ್ ಬ್ಯಾಲೆನ್ಸ್ ಮೈನಸ್ ತೋರಿಸುತ್ತಿತ್ತು. ಗಲ್ಲಾಪೆಟ್ಟಿಗೆಯಲ್ಲಿ ಎಣಿಸಿದರೆ ಹಣ ಇತ್ತು. ಲೆಕ್ಕ ಬರೆಯುವ ಹುಡುಗ ಬಂದ ನಗದನ್ನೆಲ್ಲ ಕ್ಯಾಶ್ ಖಾತೆಗೆ ಕ್ರೆಡಿಟ್ ಹಾಕಿದ್ದ. ‘ಸರ್, ಹಣ ಬಂದರೆ ಬ್ಯಾಂಕಿನ ಮೆಸೇಜಿನಲ್ಲೂ ಕ್ರೆಡಿಟ್ ಅಂತಲೇ ಇರುತ್ತೆ, ಅಲ್ವಾ?’ ಅಂದ. ಮೆಸೇಜಿನಲ್ಲಿ ಇರುವುದು ನಿಜ. ಅವನ ಪುಸ್ತಕಕ್ಕೆ ಮಾತ್ರ ಅದು ಉಲ್ಟಾ. ಈ ತಪ್ಪನ್ನು ಸಿಂಧನೂರಿನಲ್ಲೂ ಬಳ್ಳಾರಿಯಲ್ಲೂ ಕಂಡಿದ್ದೇನೆ. ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ.

1. ಮೊದಲು ಪುಸ್ತಕ ಯಾರದ್ದು ಅಂತ ಕೇಳಿ. ಕ್ರೆಡಿಟ್ ಅನ್ನುವ ಮಾತು ಬಂದಿದ್ದು ‘ನಂಬು’ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. ಒಬ್ಬರು ನಂಬಿ ಕೊಡುತ್ತಾರೆ, ಇನ್ನೊಬ್ಬರು ತಿರುಗಿ ಕೊಡಬೇಕು. ಯಾರು ಯಾವ ಕಡೆ ಅನ್ನುವುದು ತಿಳಿಯದೆ ಮುಂದೆ ಹೋಗಬೇಡಿ.

2. ಪಾಸ್‌ಬುಕ್ ತೆಗೆಯಿರಿ. ಮನೆಯಲ್ಲಿ ಇಟ್ಟುಕೊಂಡಿದ್ದರೂ ಅದು ಬ್ಯಾಂಕಿನ ಪುಸ್ತಕದ ನಕಲು. ನೀವು ಕಟ್ಟಿದ 10,000 ರೂಪಾಯಿ ಬ್ಯಾಂಕು ನಿಮಗೆ ಕೊಡಬೇಕಾದ ಹಣ. ಅದಕ್ಕೇ ಅದು ಕ್ರೆಡಿಟ್. ಬ್ಯಾಲೆನ್ಸ್ ಪಕ್ಕದಲ್ಲಿ ‘ಸಿಆರ್’, ಅಂದರೆ ಕ್ರೆಡಿಟ್, ಇದ್ದರೆ ನಿಮ್ಮ ಹಣ ಅಲ್ಲಿದೆ. ‘ಡಿಆರ್’, ಅಂದರೆ ಡೆಬಿಟ್, ಇದ್ದರೆ ನೀವೇ ಬ್ಯಾಂಕಿಗೆ ಬಾಕಿ. ಸಾಲದ ಖಾತೆಯಲ್ಲೂ ಹೀಗೆಯೇ. ನೀವು ಕಂತು ಕಟ್ಟಿದರೆ ಕ್ರೆಡಿಟ್, ಬಡ್ಡಿ ಬಿದ್ದರೆ ಡೆಬಿಟ್. ಸಾಲದ ಖಾತೆಗೆ ಕ್ರೆಡಿಟ್ ಅಂತ ಮೆಸೇಜ್ ಬಂದರೆ ಸಾಲ ಅಷ್ಟು ತೀರಿದೆ ಅಂತ ಓದಿ. ಅದು ಕೈಗೆ ಸಿಗುವ ಹಣ ಅಲ್ಲ.

3. ಈಗ ನಿಮ್ಮ ಸ್ವಂತ ಲೆಕ್ಕ. ಜಾಸ್ತಿ ಜನ ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ನಮ್ಮ ಕಡೆ ಹಳೇ ಅಂಗಡಿಗಳ ಕಿರ್ದಿಯಲ್ಲಿ, ಅಂದರೆ ದಿನದ ಲೆಕ್ಕದ ಪುಸ್ತಕದಲ್ಲಿ, ಎಡಕ್ಕೆ ಜಮಾ, ಬಲಕ್ಕೆ ಖರ್ಚು. ಇಂಗ್ಲಿಷ್ ಪದ್ಧತಿಯಲ್ಲಿ ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್. ಕ್ರೆಡಿಟ್ ಅಂದರೆ ಜಮಾ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಹುಡುಗರು ಅದನ್ನೇ ನಂಬಿ ನಗದು ಬಂದ ಕೂಡಲೇ ಕ್ಯಾಶ್ ಖಾತೆಗೆ ಕ್ರೆಡಿಟ್ ಒತ್ತುತ್ತಾರೆ. ಆದರೆ ಹಳೇ ಕಿರ್ದಿಯವರು ಜಮಾ ಮಾಡುತ್ತಿದ್ದದ್ದು ಹಣ ಕೊಟ್ಟವನ ಹೆಸರಿಗೆ. ಆ ಹೆಸರನ್ನು ನಾವು ಮರೆತೆವು, ಜಮಾ ಅನ್ನುವ ಮಾತನ್ನಷ್ಟೇ ಉಳಿಸಿಕೊಂಡೆವು.

ಒಂದು ವ್ಯವಹಾರ ಹಿಡಿಯಿರಿ. ರೈಸ್ ಮಿಲ್ಲಿನವರು ನಿಮಗೆ 50,000 ನಗದು ಕೊಟ್ಟರು. ಇಲ್ಲಿ ಎರಡು ಖಾತೆ ಇವೆ, ಒಂದು ಕ್ಯಾಶ್, ಇನ್ನೊಂದು ಮಿಲ್ಲು. ಪಡೆದದ್ದು ಕ್ಯಾಶ್ ಖಾತೆ, ಅದಕ್ಕೆ ಡೆಬಿಟ್. ಕೊಟ್ಟದ್ದು ಮಿಲ್ಲು, ಅದರ ಖಾತೆಗೆ ಕ್ರೆಡಿಟ್. ಎರಡೂ ಕಡೆ 50,000. ಸಂಜೆ ಅದರಲ್ಲಿ 30,000 ಬ್ಯಾಂಕಿಗೆ ಕಟ್ಟಿದಿರಿ. ಈಗ ಕೊಟ್ಟದ್ದು ಕ್ಯಾಶ್, ಅದಕ್ಕೆ ಕ್ರೆಡಿಟ್. ಪಡೆದದ್ದು ಬ್ಯಾಂಕು, ನಿಮ್ಮ ಪುಸ್ತಕದ ಬ್ಯಾಂಕ್ ಖಾತೆಗೆ ಡೆಬಿಟ್. ಅದೇ 30,000 ಪಾಸ್‌ಬುಕ್ಕಿನಲ್ಲಿ ಕ್ರೆಡಿಟ್ ಅಂತ ಬರುತ್ತದೆ. ಗಾಬರಿ ಬೇಡ. ಅವರು ನಿಮಗೆ ಕೊಡಬೇಕು, ನಿಮಗೆ ಅವರಿಂದ ಬರಬೇಕು. ಎರಡೂ ಒಂದೇ ಹಣ.

ವಾರಕ್ಕೊಮ್ಮೆ ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ನಿಮ್ಮ ಪುಸ್ತಕದ ಬ್ಯಾಂಕ್ ಡೆಬಿಟ್‌ಗಳನ್ನು ಪಾಸ್‌ಬುಕ್ಕಿನ ಕ್ರೆಡಿಟ್‌ಗಳ ಜೊತೆ ಒಂದೊಂದಾಗಿ ತಾಳೆ ನೋಡಿ, ಟಿಕ್ ಹಾಕಿ. ಟಿಕ್ ಬೀಳದೆ ಉಳಿದದ್ದು ಇನ್ನೂ ಪಾಸಾಗದ ಚೆಕ್ಕು, ಬರೆಯದೆ ಬಿಟ್ಟದ್ದು ಅಥವಾ ತಪ್ಪಾಗಿ ಬರೆದದ್ದು ಇರಬಹುದು. ವರ್ಷದ ಕೊನೆಗೆ ಆಡಿಟರ್ ನೋಡಿಕೊಳ್ಳುತ್ತಾರೆ ಅಂತ ಬಿಡಬೇಡಿ. ಅಷ್ಟು ಹೊತ್ತಿಗೆ ಯಾವ ಹಣ ಯಾರದ್ದು ಅಂತ ಯಾರಿಗೂ ನೆನಪಿರುವುದಿಲ್ಲ.

ಎರಡು ಕಡೆ ಬರೆಯುವ ಈ ಪದ್ಧತಿಯನ್ನು ಇಟಲಿಯ ಲೂಕಾ ಪಚೋಲಿ 1494ರಲ್ಲೇ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ. ಹಾಗಾಗಿ ಇದು ಕಂಪ್ಯೂಟರಿನ ಕಿರಿಕಿರಿ ಅಲ್ಲ. ಮೊಬೈಲಿನ ಉದ್ರಿ ಆಪ್‌ಗಳಲ್ಲಿ ಕ್ರೆಡಿಟ್, ಡೆಬಿಟ್ ಅಂತ ಇರುವುದನ್ನು ಹಾಕಿಕೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ‘ಕೊಟ್ಟೆ’, ‘ಪಡೆದೆ’ ಅಂತ ಕನ್ನಡದಲ್ಲಿ ಇರುವುದನ್ನೇ ಹಾಕಿಕೊಳ್ಳಿ. ಅದೂ ಬೇಡವಾದರೆ ಉದ್ದದ ಕೆಂಪು ಖಾತೆ ಪುಸ್ತಕ ಇನ್ನೂ ಒಳ್ಳೆಯದು.

4. ಮೆಸೇಜನ್ನು ಸುಮ್ನೆ ನಂಬಬೇಡಿ. ‘ನಿಮಗೆ 5,000 ಕ್ರೆಡಿಟ್ ಆಗಿದೆ’ ಅಂತ ಸುಳ್ಳು ಮೆಸೇಜ್ ಕಳಿಸಿ, ತಪ್ಪಿ ಬಂತು, ವಾಪಸ್ ಹಾಕಿ ಅಂತ ಫೋನ್ ಮಾಡುತ್ತಾರೆ. ಬ್ಯಾಂಕಿನ ಆಪ್ ತೆರೆದು ಬ್ಯಾಲೆನ್ಸ್ ನೋಡಿ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಿಲ್ಲ. ಮೋಸ ಹೋದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

5. ಕ್ರೆಡಿಟ್ ಕಾರ್ಡು, ಕಿಸಾನ್ ಕ್ರೆಡಿಟ್ ಕಾರ್ಡು ಎರಡರಲ್ಲೂ ಕ್ರೆಡಿಟ್ ಅಂದರೆ ಸಾಲ. ‘ಅವೈಲೆಬಲ್ ಕ್ರೆಡಿಟ್’ ನಿಮ್ಮ ಹಣ ಅಲ್ಲ, ಇನ್ನೂ ಎಷ್ಟು ಸಾಲ ಸಿಗುತ್ತದೆ ಅನ್ನುವ ಲೆಕ್ಕ. ಕಾರ್ಡಿನ ಬಿಲ್ಲಿನಲ್ಲಿ ‘ಮಿನಿಮಮ್ ಡ್ಯೂ’ ಅಷ್ಟೇ ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ ಓಡುತ್ತದೆ. ಪೂರ್ತಿ ಕಟ್ಟಿ. ಕ್ರೆಡಿಟ್ ಸ್ಕೋರ್ ಅಂದರೆ ನೀವು ಸಾಲ ಹೇಗೆ ತೀರಿಸುತ್ತೀರಿ ಅನ್ನುವುದಕ್ಕೆ ಕೊಡುವ ಅಂಕ, 300ರಿಂದ 900ರವರೆಗೆ. ಈ ಅಂಕ ಕೊಡುವ ಕಂಪನಿಗಳಿಂದ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತ, ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಇನ್ನು ಮಕ್ಕಳ ಅಂಕಪಟ್ಟಿಯ ಕ್ರೆಡಿಟ್ ಪಾಠದ ಗಂಟೆಗಳ ಲೆಕ್ಕ, ಹಣದ ಮಾತೇ ಅಲ್ಲ.

6. ಬಿಲ್ಲಿನ ಮೇಲೆ ‘ಕ್ರೆಡಿಟ್’ ಅಂದರೆ ಉದ್ರಿ. ‘ಕ್ರೆಡಿಟ್ ನೋಟ್’ ಬೇರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರು ಕೆಟ್ಟ ಬಟ್ಟೆ ವಾಪಸ್ ಕಳಿಸಿದಾಗ ಈ ಚೀಟಿ ಬರುತ್ತದೆ. ಎಷ್ಟೋ ಜನ ಇದನ್ನು ಹೊಸ ಬಿಲ್ ಅಂದುಕೊಂಡು ದುಡ್ಡು ಕಟ್ಟುತ್ತಾರೆ, ಇಲ್ಲ ಎಸೆದೇ ಬಿಡುತ್ತಾರೆ. ಅದು ಮಾರಿದವರ ಪುಸ್ತಕದ ಮಾತು. ನಿಮ್ಮ ಬಾಕಿ ಅಷ್ಟು ಕಡಿಮೆಯಾಯಿತು ಅಂತ ಅರ್ಥ. ನಿಮ್ಮ ಪುಸ್ತಕದಲ್ಲಿ ಅವರ ಖಾತೆಗೆ ಡೆಬಿಟ್ ಬರೆಯಿರಿ, ಮುಂದಿನ ಬಿಲ್ಲಿನಲ್ಲಿ ಮುರಿದುಕೊಂಡು ಕಟ್ಟಿ. ಜಿಎಸ್‌ಟಿ ಇದ್ದವರು ಆ ಬಟ್ಟೆಗೆ ಪಡೆದ ಇನ್‌ಪುಟ್ ಕ್ರೆಡಿಟ್ ಅನ್ನೂ, ಅಂದರೆ ಕೊಳ್ಳುವಾಗ ಕಟ್ಟಿ ನಿಮ್ಮ ತೆರಿಗೆಯಲ್ಲಿ ಮುರಿದುಕೊಂಡ ಜಿಎಸ್‌ಟಿಯನ್ನೂ, ಅಷ್ಟರ ಮಟ್ಟಿಗೆ ಕಡಿಮೆ ತೋರಿಸಬೇಕು. ರಿಟರ್ನ್ ತುಂಬುವ ಮುಂಚೆಯೇ ಆ ಚೀಟಿ ನಿಮ್ಮ ಟ್ಯಾಕ್ಸ್ ನೋಡುವವರ ಕೈ ಸೇರಲಿ.