ಅಪ್‌ಡೇಟ್ ಆದ ಫೋನನ್ನು ಹಳೆಯ ವರ್ಷನ್ನಿಗೆ ಮರಳಿಸುವುದು: ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಕೌಂಟರ್ ಇದೆ. ಮಾಟುಂಗದ ಹೋಟೆಲಿನವರು, ಡೊಂಬಿವಿಲಿಯಿಂದ ಫೋರ್ಟಿಗೆ ಓಡಾಡುವ ಬ್ಯಾಂಕಿನವರು, ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ನೇರ ಇಲ್ಲಿಗೇ ಬರುವ ನಮ್ಮ ಊರ ಕಡೆಯ ಹುಡುಗರು, ಸೆಪ್ಟೆಂಬರ್ ಬಂತೆಂದರೆ ಎಲ್ಲರದೂ ಒಂದೇ ಮಾತು: "ಅಕ್ಕಾ, ರಾತ್ರಿ ಅಪ್‌ಡೇಟ್ ಆಗಿಬಿಟ್ಟಿದೆ, ಫೋನು ಮೊದಲಿನ ಹಾಗಿಲ್ಲ. ಹಳೇದನ್ನೇ ಹಾಕಿ ಕೊಡಿ." ಕೆಲವು ಫೋನಿಗೆ ಹಾಕಿ ಕೊಡಬಹುದು. ಕೆಲವಕ್ಕೆ ಯಾರಿಂದಲೂ ಆಗದು. ಯಾಕೆಂದರೆ ಕಂಪನಿಯೇ ಆ ಬಾಗಿಲಿಗೆ ಬೀಗ ಹಾಕಿರುತ್ತದೆ. ದುಡ್ಡು ಕೊಟ್ಟು ಕೊಂಡವರಿಗೆ ಆ ಬೀಗದ ಕೀಲಿ ಸಿಗಬೇಕು ಎನ್ನುವುದು ನನ್ನ ನಿಲುವು. ಅದರ ಕಾರಣವನ್ನು ಕೆಳಗೆ ಹೇಳುತ್ತೇನೆ. ಮೊದಲು ಕೆಲಸದ ವಿಷಯ.

ಅಪ್‌ಡೇಟ್ ಆದ ಮರುದಿನವೇ ತೀರ್ಮಾನಕ್ಕೆ ಬರಬೇಡಿ. ಹೊಸ ವರ್ಷನ್ ಬಂದ ಮೇಲೆ ಫೋನು ಒಳಗೊಳಗೇ ಫೋಟೊಗಳನ್ನು ಮತ್ತೆ ವಿಂಗಡಿಸುತ್ತದೆ, ಆ್ಯಪ್‌ಗಳನ್ನು ಹೊಂದಿಸಿಕೊಳ್ಳುತ್ತದೆ. ಆ ಎರಡು ಮೂರು ದಿನ ಬಿಸಿಯಾಗುವುದು, ಚಾರ್ಜ್ ಬೇಗ ಇಳಿಯುವುದು ಸಹಜ. ಅಷ್ಟರ ಮೇಲೂ ಸರಿಹೋಗದಿದ್ದರೆ ಸ್ಟೋರೇಜ್ ತುಂಬಿದೆಯೇ ನೋಡಿ. ಐಫೋನಾದರೆ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಬ್ಯಾಟರಿ ಹೆಲ್ತ್ ಎಷ್ಟಿದೆ ನೋಡಿ. 80 ಶೇಕಡಕ್ಕಿಂತ ಕೆಳಗಿದ್ದರೆ ಮೊದಲು ಬ್ಯಾಟರಿ ಬದಲಿಸಿ, ಹಳೆಯ ವರ್ಷನ್ನಿನ ಮಾತು ಆಮೇಲೆ. ಒಂದೇ ಒಂದು ಆ್ಯಪ್ ತೊಂದರೆ ಕೊಡುತ್ತಿದ್ದರೆ ಆ ಆ್ಯಪ್ ತೆಗೆದು ಮತ್ತೆ ಹಾಕಿ.

ಇಷ್ಟೆಲ್ಲ ಮಾಡಿದರೂ ಬಗೆಹರಿಯದ ಕೇಸುಗಳಿವೆ, ನನಗೆ ಸಂಕಟವಾಗುವುದು ಅವುಗಳಿಗೇ. ಮುಲುಂಡಿನಿಂದ ಒಬ್ಬರು ತಮ್ಮ ತಾಯಿಯ ಫೋನು ತಂದಿದ್ದರು. ಆ ಅಮ್ಮನ ಎರಡೂ ಕಿವಿಯಲ್ಲಿ ಬ್ಲೂಟೂತಿನ ಕಿವಿ ಮಷೀನು. ಕುಂದಾಪುರದಲ್ಲಿರುವ ತಂಗಿಯ ಜೊತೆ ಸಂಜೆ ಹೊತ್ತು ಫೋನಿನಲ್ಲಿ ಮಾತಾಡುವುದೇ ಅವರಿಗೊಂದು ಆಸರೆ. ಅಪ್‌ಡೇಟ್ ಆದ ಮೇಲೆ ಕರೆ ಎತ್ತಿದ ಕೂಡಲೇ ಮಷೀನಿನ ಸಂಪರ್ಕ ಕಡಿದುಹೋಗುತ್ತಿತ್ತು. ಮಷೀನಿನ ಆ್ಯಪ್ ಹೊಸ ವರ್ಷನ್ನಿಗೆ ಇನ್ನೂ ಸಿದ್ಧವಾಗಿರಲಿಲ್ಲ. ಹಿಂದಿನ ವರ್ಷನ್ ಹಾಕಿದ್ದರೆ ಅವತ್ತೇ ಸರಿಯಾಗುತ್ತಿತ್ತು, ಆದರೆ ಆ ಫೋನಿಗೆ ಅದು ಆಗುವಂತಿರಲಿಲ್ಲ. ಆ್ಯಪಿನವರು ಹೊಸದು ಬಿಡುವ ತನಕ ಆ ಅಮ್ಮ ಕಾದರು. ಅವರದೇ ಫೋನು, ಅವರದೇ ಕಿವಿ, ನಡುವೆ ತೀರ್ಮಾನ ಮಾತ್ರ ಬೇರೆ ಯಾರದೋ.

ತಯಾರಿ

ಹಳೆಯದಕ್ಕೆ ಮರಳಿದರೆ ಫೋನಿನೊಳಗಿನ ಎಲ್ಲವೂ ಅಳಿಸಿಹೋಗುತ್ತದೆ ಎಂದುಕೊಂಡೇ ಶುರುಮಾಡಿ. ಐಫೋನಿನವರು ಇಲ್ಲೇ ಎಡವುವುದು: ಹೊಸ ವರ್ಷನ್ನಿನಲ್ಲಿ ತೆಗೆದ ಬ್ಯಾಕಪ್ ಹಳೆಯ ವರ್ಷನ್ನಿಗೆ ಇಳಿಯುವುದಿಲ್ಲ. ಐಕ್ಲೌಡ್ ಆದರೂ ಅಷ್ಟೇ, ಕಂಪ್ಯೂಟರ್ ಆದರೂ ಅಷ್ಟೇ. ಹಾಗಾಗಿ ದೊಡ್ಡ ಅಪ್‌ಡೇಟ್ ಒತ್ತುವ ಮೊದಲೇ ಕಂಪ್ಯೂಟರಿಗೆ ಒಂದು ಬ್ಯಾಕಪ್ ತೆಗೆಯಿರಿ. ಎನ್‌ಕ್ರಿಪ್ಟ್ ಎಂಬ ಆಯ್ಕೆಗೆ ಗುರುತು ಹಾಕಿದರೆ ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಆರೋಗ್ಯದ ಮಾಹಿತಿಯೂ ಅದರಲ್ಲಿ ಬರುತ್ತವೆ. ಮ್ಯಾಕ್‌ನಲ್ಲಾದರೆ ಬ್ಯಾಕಪ್‌ಗಳ ಪಟ್ಟಿಯಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಆರ್ಕೈವ್ ಎಂದು ಕೊಡಿ, ಆಗ ಮುಂದಿನ ಬ್ಯಾಕಪ್ ಇದರ ಮೇಲೆ ಬಂದು ಕೂರುವುದಿಲ್ಲ.

ಆಂಡ್ರಾಯ್ಡಿನವರು ವಾಟ್ಸ್‌ಆ್ಯಪ್ ಬ್ಯಾಕಪ್ಪನ್ನು ಬೇರೆಯಾಗಿಯೇ ತೆಗೆಯಬೇಕು. ಗೂಗಲ್ ಖಾತೆಯ ಪಾಸ್‌ವರ್ಡ್ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ರಿಸೆಟ್ ಆದ ಫೋನು ಮೊದಲು ಕೇಳುವುದು ಅದನ್ನೇ, ಗೊತ್ತಿಲ್ಲದಿದ್ದರೆ ನಿಮ್ಮ ಫೋನು ನಿಮ್ಮನ್ನೇ ಹೊರಗೆ ನಿಲ್ಲಿಸುತ್ತದೆ. ಯುಪಿಐ ಆ್ಯಪ್‌ಗಳನ್ನು ಹೊಸದಾಗಿ ನೋಂದಾಯಿಸಬೇಕಾಗುತ್ತದೆ, ಅದಕ್ಕೆ ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿದ್ದು, ಎಸ್‌ಎಂಎಸ್ ಹೋಗುವಷ್ಟು ಬ್ಯಾಲೆನ್ಸ್ ಇರಬೇಕು. ನೋಂದಾಯಿಸಿದ ಮೊದಲ ಒಂದು ದಿನ ದೊಡ್ಡ ಮೊತ್ತ ಹೋಗದಿರಬಹುದು. ಕ್ಯಾಟರಿಂಗ್ ಮಾಡುವ ಶೆಟ್ರಿಗೆ ನಾನು ಯಾವಾಗಲೂ ಹೇಳುವುದು, ವಾಶಿ ಮಾರ್ಕೆಟ್ಟಿನವರಿಗೆ ದುಡ್ಡು ಕೊಡಬೇಕಾದ ದಿನ ಫೋನು ತರಬೇಡಿ ಎಂದು.

ಐಫೋನ್

ಐಫೋನಿಗೆ ಯಾವ ವರ್ಷನ್ ಹಾಕಲು ಹೊರಟರೂ ಅದು ಆ್ಯಪಲ್‌ನ ಸರ್ವರನ್ನು ಕೇಳುತ್ತದೆ. ಸರ್ವರ್ ಆ ಒಂದು ಫೋನಿನ ಗುರುತಿಗೆ ಸೇರಿಸಿ ಆ ವರ್ಷನ್ನಿಗೆ ಡಿಜಿಟಲ್ ಸಹಿ ಹಾಕಿದರೆ ಮಾತ್ರ ಒಳಗೆ ಇಳಿಯುತ್ತದೆ. 2009ರ ಐಫೋನ್ 3ಜಿಎಸ್ ಕಾಲದಿಂದ ಇದೇ ಕ್ರಮ. ಹೊಸ ವರ್ಷನ್ ಬಂದ ಮೇಲೆ ಹಿಂದಿನದಕ್ಕೆ ಸಹಿ ಸಿಗುವುದು ಸಾಮಾನ್ಯವಾಗಿ ಒಂದೆರಡು ವಾರ. ಅಷ್ಟರೊಳಗೆ ಬಂದರೆ ಕೆಲಸ ಸುಲಭ.

ನಿಮ್ಮ ಮಾಡೆಲ್ಲಿನ ಹಳೆಯ ವರ್ಷನ್ ಇರುವ ಐಪಿಎಸ್‌ಡಬ್ಲ್ಯೂ ಫೈಲನ್ನು ಇಳಿಸಿಕೊಳ್ಳಿ. ಹಲವು ಜಿಬಿ ಇರುತ್ತದೆ, ಮನೆಯ ವೈಫೈಯಲ್ಲೇ ಮಾಡಿ. ಯಾವ ವರ್ಷನ್ನಿಗೆ ಇನ್ನೂ ಸಹಿ ಸಿಗುತ್ತಿದೆ ಎಂಬುದನ್ನು ಐಪಿಎಸ್‌ಡಬ್ಲ್ಯೂ ಡಾಟ್ ಮೀ ತಾಣ ತೋರಿಸುತ್ತದೆ. ಫೈಂಡ್ ಮೈ ಆಫ್ ಮಾಡಿ, ಕೇಬಲ್ ಹಾಕಿ. ಐಫೋನ್ 8 ಮತ್ತು ನಂತರದವುಗಳಲ್ಲಿ ವಾಲ್ಯೂಮ್ ಮೇಲಿನ ಗುಂಡಿ ಒಮ್ಮೆ, ಕೆಳಗಿನದು ಒಮ್ಮೆ, ಆಮೇಲೆ ಪಕ್ಕದ ಗುಂಡಿಯನ್ನು ಕಂಪ್ಯೂಟರಿನ ಚಿತ್ರ ಬರುವ ತನಕ ಒತ್ತಿ ಹಿಡಿಯಿರಿ. ಮ್ಯಾಕ್‌ನಲ್ಲಿ ಆಪ್ಷನ್ ಕೀ, ವಿಂಡೋಸ್‌ನಲ್ಲಿ ಶಿಫ್ಟ್ ಕೀ ಹಿಡಿದುಕೊಂಡು ರಿಸ್ಟೋರ್ ಒತ್ತಿದರೆ ಫೈಲ್ ಆರಿಸಲು ಕೇಳುತ್ತದೆ. ಬರೀ ರಿಸ್ಟೋರ್ ಒತ್ತಿದರೆ ಮತ್ತೆ ಹೊಸದೇ ಬಂದು ಕೂರುತ್ತದೆ, ಹುಷಾರು.

ಸಹಿ ನಿಂತ ಮೇಲೆ ಇದ್ಯಾವುದೂ ನಡೆಯದು. ಈಚಿನ ಮಾಡೆಲ್ಲುಗಳಿಗೆ ಎರಡು ವರ್ಷ ಹಳೆಯದನ್ನೂ ಹಾಕಿಕೊಡುತ್ತೇನೆಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ.

ಆಂಡ್ರಾಯ್ಡ್

ಇಲ್ಲಿ ಒಂದೊಂದು ಕಂಪನಿಗೆ ಒಂದೊಂದು ರೀತಿ, ಆದರೆ ತಳದಲ್ಲಿ ಒಂದೇ ಯುಕ್ತಿ. ಫೋನಿನ ಚಿಪ್ಪಿನಲ್ಲಿ, ಅಳಿಸಲಾಗದ ಜಾಗದಲ್ಲಿ ಒಂದು ಅಂಕೆ ಇರುತ್ತದೆ. ಮನೆಯ ಕರೆಂಟ್ ಮೀಟರಿನ ಹಾಗೆ ಅದು ಮುಂದಕ್ಕೆ ಮಾತ್ರ ಓಡುತ್ತದೆ. ಹಾಕಲು ಹೊರಟ ಫರ್ಮ್‌ವೇರಿನ (ಫೋನನ್ನು ನಡೆಸುವ ಮೂಲ ಸಾಫ್ಟ್‌ವೇರಿನ) ಅಂಕೆ ಇದಕ್ಕಿಂತ ಕಡಿಮೆಯಿದ್ದರೆ ಫೋನು ಒಪ್ಪುವುದಿಲ್ಲ. ಆದ್ದರಿಂದ ಫೈಲ್ ಹುಡುಕುವ ಮೊದಲು ಈ ಅಂಕೆ ಹುಡುಕಿ.

ಸ್ಯಾಮ್‌ಸಂಗ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಸೆಟ್ಟಿಂಗ್ಸ್, ಅಬೌಟ್ ಫೋನ್, ಸಾಫ್ಟ್‌ವೇರ್ ಮಾಹಿತಿಗೆ ಹೋಗಿ ಬಿಲ್ಡ್ ನಂಬರ್ ನೋಡಿ. ಅದರ ಕೊನೆಯಿಂದ ಹಿಂದಕ್ಕೆ ಎಣಿಸಿದರೆ ಐದನೆಯದು ಬೂಟ್‌ಲೋಡರಿನ (ಫೋನು ಆನ್ ಆಗುವಾಗ ಮೊದಲು ಓಡುವ ಸಾಫ್ಟ್‌ವೇರಿನ) ಅಂಕೆ. ಹಳೆಯ ಫರ್ಮ್‌ವೇರಿನಲ್ಲೂ ಅದೇ ಜಾಗದಲ್ಲಿ ಅದೇ ಅಂಕೆ ಇದ್ದರೆ ಓಡಿನ್ ಎಂಬ ಸಾಫ್ಟ್‌ವೇರಿನಿಂದ ಹಾಕಬಹುದು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಇರಲಿ. ಫೋನು ಆಫ್ ಮಾಡಿ, ಎರಡೂ ವಾಲ್ಯೂಮ್ ಗುಂಡಿ ಹಿಡಿದು ಕೇಬಲ್ ಚುಚ್ಚಿದರೆ ಡೌನ್‌ಲೋಡ್ ಮೋಡ್ ಬರುತ್ತದೆ. ಬಿಎಲ್, ಎಪಿ, ಸಿಪಿ, ಸಿಎಸ್‌ಸಿ ಎಂದು ನಾಲ್ಕು ಫೈಲು. ಸಿಎಸ್‌ಸಿಯಲ್ಲಿ ಎರಡು ಬಗೆ ಇರುತ್ತದೆ, ಹೋಮ್ ಎಂದಿರುವುದು ಡೇಟಾ ಉಳಿಸುತ್ತದೆ, ಬರೀ ಸಿಎಸ್‌ಸಿ ಅಳಿಸುತ್ತದೆ. ಕೆಳಕ್ಕೆ ಇಳಿಯುವಾಗ ಅಳಿಸುವುದನ್ನೇ ಹಾಕಿ. ಹೊಸ ವರ್ಷನ್ನಿನ ಡೇಟಾ ಹಳೆಯದರ ಮೇಲೆ ಉಳಿದರೆ ಫೋನು ಲೋಗೊದಲ್ಲೇ ಸುತ್ತುತ್ತಾ ಕೂರುತ್ತದೆ. ಕಂಪನಿಯದೇ ಫರ್ಮ್‌ವೇರ್ ಆದ್ದರಿಂದ ಬೂಟ್‌ಲೋಡರ್ ಅನ್‌ಲಾಕ್ ಮಾಡುವ ಅಗತ್ಯವಿಲ್ಲ. ಮಾಡಲೂ ಬೇಡಿ. ಅನ್‌ಲಾಕ್ ಮಾಡಿ ಬೇರೆಯವರ ಫರ್ಮ್‌ವೇರ್ ಹಾಕಿದರೆ ನಾಕ್ಸ್ ಎಂಬ ಭದ್ರತೆಯ ಫ್ಯೂಸ್ ಶಾಶ್ವತವಾಗಿ ಸುಟ್ಟು ಸೆಕ್ಯೂರ್ ಫೋಲ್ಡರ್ ನಿಲ್ಲುತ್ತದೆ, ಬ್ಯಾಂಕಿನ ಆ್ಯಪ್‌ಗಳೂ ಕೈಕೊಡಬಹುದು.

ಪಿಕ್ಸೆಲ್‌ಗೆ ಗೂಗಲ್ ಹಳೆಯ ಫ್ಯಾಕ್ಟರಿ ಇಮೇಜುಗಳನ್ನು (ಪೂರ್ತಿ ಫರ್ಮ್‌ವೇರಿನ ಫೈಲುಗಳನ್ನು) ತಾನೇ ಕೊಡುತ್ತದೆ, ಬ್ರೌಸರಿನಿಂದಲೇ ಹಾಕುವ ಫ್ಲ್ಯಾಶ್ ಟೂಲ್ ಕೂಡ ಇದೆ. ಅಲ್ಲಿಯೂ ಮಿತಿಯಿದೆ: 2022ರ ಆಗಸ್ಟ್‌ನಲ್ಲಿ ಆಂಡ್ರಾಯ್ಡ್ 13 ಬಂದಾಗ ಪಿಕ್ಸೆಲ್ 6, 6 ಪ್ರೊ, 6ಎ ಫೋನುಗಳಲ್ಲಿ ಈ ಅಂಕೆ ಏರಿತು, 12ಕ್ಕೆ ಮರಳುವ ದಾರಿ ಮುಚ್ಚಿತು. ಗೂಗಲ್ ಆಗ ಅದನ್ನು ಬರೆದು ತಿಳಿಸಿತು ಎನ್ನುವುದನ್ನು ಮೆಚ್ಚಬೇಕು. ಶಓಮಿ ಫೋನುಗಳಲ್ಲಿ ಅಂಕೆ ನೋಡದೆ ಕೈಹಾಕಿದರೆ ಫೋನು ಪೂರ್ತಿ ಸತ್ತುಹೋಗಬಹುದು, 2018ರಲ್ಲಿ ರೆಡ್‌ಮಿ ನೋಟ್ 5 ಪ್ರೊ ಇಟ್ಟುಕೊಂಡವರು ಇದನ್ನು ಅನುಭವಿಸಿದ್ದಾರೆ. ಒನ್‌ಪ್ಲಸ್, ರಿಯಲ್‌ಮಿಯವರು ಕೆಲವು ಮಾಡೆಲ್ಲಿಗೆ ರೋಲ್‌ಬ್ಯಾಕ್ ಪ್ಯಾಕೇಜ್ ಎಂದು ಅಧಿಕೃತವಾಗಿಯೇ ಬಿಡುತ್ತಾರೆ. ಇದ್ದರೆ ಅದೇ ಒಳ್ಳೆಯ ದಾರಿ.

ಯಾವಾಗ ನಾನು ಬೇಡ ಎನ್ನುತ್ತೇನೆ

ಕಂಪನಿಗಳು ಬೀಗಕ್ಕೆ ಕೊಡುವ ಕಾರಣ ಸುಳ್ಳಲ್ಲ. ಹಳೆಯ ವರ್ಷನ್ನಿನ ರಂಧ್ರಗಳು ಲೋಕಕ್ಕೆಲ್ಲ ಗೊತ್ತಿರುತ್ತವೆ. ಪೆಗಾಸಸ್ ಎಂಬ ಬೇಹುಗಾರಿಕೆಯ ಸಾಫ್ಟ್‌ವೇರ್ ನುಸುಳಿದ್ದ ಒಂದು ರಂಧ್ರವನ್ನು ಆ್ಯಪಲ್ 2021ರ ಸೆಪ್ಟೆಂಬರ್‌ನಲ್ಲಿ ಐಫೋನಿನ ಸಾಫ್ಟ್‌ವೇರ್ ಆದ ಐಒಎಸ್‌ನ 14.8 ವರ್ಷನ್ನಿನಲ್ಲಿ ಮುಚ್ಚಿತು. ಲೋಕಲ್ ರೈಲಿನಲ್ಲಿ ಫೋನು ಎಗರಿಸಿದವನು ಅದಕ್ಕೆ ರಂಧ್ರವಿರುವ ವರ್ಷನ್ ಹಾಕಿ ಬೀಗ ಒಡೆಯುವಂತಾಗಬಾರದು. ಬ್ಯಾಟರಿಯ ಅಪಾಯವಿದ್ದರಂತೂ ಎರಡು ಮಾತಿಲ್ಲ: ಪಿಕ್ಸೆಲ್ 6ಎಗೆ 2025ರ ಜುಲೈನಲ್ಲಿ ಬಂದ ಅಪ್‌ಡೇಟ್, 400 ಸಲ ಚಾರ್ಜ್ ಆದ ಬ್ಯಾಟರಿಗಳು ಅತಿಯಾಗಿ ಬಿಸಿಯಾಗದಂತೆ ಅವುಗಳ ಸಾಮರ್ಥ್ಯ ಇಳಿಸಿತು. ಅದನ್ನು ತೆಗೆದು ಹಳೆಯದು ಹಾಕಿ ಎಂದರೆ ನಾನು ಹಾಕುವುದಿಲ್ಲ.

ಆದರೆ ಈ ಭಯಕ್ಕೆ ಪೂರ್ತಿ ಬಾಗಿಲು ಮುಚ್ಚಬೇಕಿಲ್ಲ. ವಿಂಡೋಸ್ 11ಕ್ಕೆ ಏರಿದವರಿಗೆ 10 ದಿನದೊಳಗೆ ಹಿಂದಿರುಗುವ ಗುಂಡಿ ಸೆಟ್ಟಿಂಗ್ಸ್‌ನಲ್ಲೇ ಸಿಗುತ್ತದೆ. ಆ್ಯಪಲ್‌ನ ಸ್ವಂತ ಚಿಪ್ ಇರುವ ಮ್ಯಾಕ್‌ನಲ್ಲಿ, ಮಾಲೀಕರು ಪಾಸ್‌ವರ್ಡ್ ಕೊಟ್ಟು ಭದ್ರತೆಯನ್ನು ಒಂದು ಮಟ್ಟ ಇಳಿಸಿದರೆ, ಕಂಪನಿ ಹಿಂದೆ ಸಹಿ ಹಾಕಿದ್ದ ಹಳೆಯ ವರ್ಷನ್ ಓಡಿಸಲು ಬಿಡುತ್ತದೆ. ಅದೇ ಕಂಪನಿ ಫೋನಿಗೆ ಯಾಕೆ ಬಿಡಬಾರದು? ಮಾಲೀಕರ ಪಾಸ್‌ಕೋಡ್ ಕೇಳಲಿ, ಡೇಟಾ ಪೂರ್ತಿ ಅಳಿಸಲಿ, ಅಪಾಯವನ್ನು ತೆರೆಯ ಮೇಲೆ ದೊಡ್ಡದಾಗಿ ಬರೆಯಲಿ. ಪಾಸ್‌ಕೋಡ್ ಇಲ್ಲದ ಕಳ್ಳ ಅಲ್ಲೇ ನಿಲ್ಲುತ್ತಾನೆ, ಡೇಟಾವೂ ಅವನ ಕೈಗೆ ಸಿಗುವುದಿಲ್ಲ. ಹಿಂದಿನ ದೊಡ್ಡ ವರ್ಷನ್ನಿಗೆ ಒಂದು ವರ್ಷವಾದರೂ ಸಹಿಯೂ ಭದ್ರತೆಯ ಪ್ಯಾಚೂ ಸಿಗಲಿ. 2021ರಲ್ಲಿ ಐಒಎಸ್ 15 ಬಂದಾಗ 14ರಲ್ಲೇ ಉಳಿದು ಪ್ಯಾಚ್ ಪಡೆಯುವ ಆಯ್ಕೆಯನ್ನು ಆ್ಯಪಲ್ ಕೊಟ್ಟಿತ್ತು, ಕೆಲವು ತಿಂಗಳಲ್ಲಿ ನಿಲ್ಲಿಸಿತು. ಅಂದರೆ ಮಾಡಲು ಆಗುತ್ತದೆ.

ದೂರು

ಅಪ್‌ಡೇಟ್‌ನಿಂದ ಹಾನಿಯಾಗಿ, ಮರಳಲು ದಾರಿಯೂ ಇಲ್ಲದಿದ್ದರೆ ಸುಮ್ಮನಿರಬೇಡಿ. ಹಳೆಯ ಬ್ಯಾಟರಿಯ ಐಫೋನುಗಳು ಅಪ್‌ಡೇಟ್ ಆದ ಮೇಲೆ ನಿಧಾನವಾದದ್ದನ್ನು ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಇಟಲಿಯ ಸ್ಪರ್ಧಾ ಪ್ರಾಧಿಕಾರ 2018ರಲ್ಲಿ ಇಂಥದೇ ವಿಷಯಕ್ಕೆ ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು. 2020ರಲ್ಲಿ ಫ್ರಾನ್ಸ್ ಹಾಕಿದ್ದು ಎರಡೂವರೆ ಕೋಟಿ ಯೂರೊ, ಅಲ್ಲಿಯ ಅಧಿಕಾರಿಗಳು ಗ್ರಾಹಕರಿಗೆ ಹಿಂದಿನ ವರ್ಷನ್ನಿಗೆ ಮರಳಲು ಆಗಲಿಲ್ಲ ಎಂಬುದನ್ನೂ ಎತ್ತಿ ಹೇಳಿದರು. ನಮ್ಮಲ್ಲಿಯೂ ಐಒಎಸ್ 18ರ ನಂತರದ ತೊಂದರೆಗಳ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೋದ ಮೇಲೆ, ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆ್ಯಪಲ್‌ಗೆ ನೋಟಿಸ್ ಕೊಟ್ಟಿದೆ ಎಂದು ಸಚಿವ ಪ್ರಹ್ಲಾದ ಜೋಶಿಯವರು 2025ರ ಜನವರಿಯಲ್ಲಿ ತಿಳಿಸಿದರು. ದೂರಿಗೆ ಬೆಲೆಯಿದೆ.

ಸಹಾಯವಾಣಿಯ ನಂಬರ್ 1915. ಕರೆ ಮಾಡುವ ಮೊದಲು ಮಾಡೆಲ್, ಹಳೆಯ ಮತ್ತು ಹೊಸ ವರ್ಷನ್, ಅಪ್‌ಡೇಟ್ ಆದ ತಾರೀಕು, ನಿಂತುಹೋದ ಕೆಲಸ, ಇಷ್ಟನ್ನು ಬರೆದಿಟ್ಟುಕೊಳ್ಳಿ. ಬಿಲ್ಲೂ ಸ್ಕ್ರೀನ್‌ಶಾಟೂ ಇರಲಿ. ಸರ್ವಿಸ್ ಸೆಂಟರಿನವರು ಹಳೆಯದಕ್ಕೆ ಆಗುವುದಿಲ್ಲ ಎಂದರೆ ಜಾಬ್ ಶೀಟಿನ ಮೇಲೆ ಅದನ್ನೇ ಬರೆದು ಕೊಡಿ ಎಂದು ಕೇಳಿ. ಆ ಒಂದು ಸಾಲು ಕೈಯಲ್ಲಿಲ್ಲದೆ ಅಲ್ಲಿಂದ ಹೊರಡಬೇಡಿ.