ಐಇಎಂಗೆ ಪ್ಲೇಯರ್ ಹೊಂದಿಸುವಾಗ ನಾನು ಅಳೆದು ನೋಡುವುದು

ಹೈ-ರೆಸ್ ಫೈಲ್ ನುಡಿಸುವ ಮ್ಯೂಸಿಕ್ ಪ್ಲೇಯರ್ ಕೊಳ್ಳುವವರು ಮೊದಲು ಕೇಳುವುದು ಪವರ್ ಎಷ್ಟು ಅಂತ. ದೊಡ್ಡ ಹೆಡ್‌ಫೋನ್ ಇಟ್ಟುಕೊಂಡವರಿಗೆ ಆ ಪ್ರಶ್ನೆ ಸರಿ. ಕಿವಿಯೊಳಗೆ ಕೂರುವ ಇಯರ್‌ಫೋನ್, ಅಂದರೆ ಐಇಎಂಗೆ (ಇನ್-ಇಯರ್ ಮಾನಿಟರ್) ಪವರ್ ಸಾಲದೆ ಹೋಗುವುದು ಅಪರೂಪ, ಹೆಚ್ಚಾಗಿಯೇ ತೊಂದರೆ. ನಾನು ನೋಡುವುದು ಮುಖ್ಯವಾಗಿ ಎರಡನ್ನು: ಪ್ಲೇಯರಿನ ಔಟ್‌ಪುಟ್ ಇಂಪೀಡೆನ್ಸ್ (ಅದರ ಔಟ್‌ಪುಟ್ಟಿನಲ್ಲಿರುವ, ಓಮ್‌ನಲ್ಲಿ ಅಳೆಯುವ ತಡೆ), ಮತ್ತು ಹಾಡಿಲ್ಲದಾಗಲೂ ಕೇಳುವ ಅದರ ‘ಸ್’ ಸದ್ದು. ಹಿಸ್ ಅಂತಾರಲ್ಲ, ಅದು.

ಶೂರ್ ಎಸ್‌ಇ846 ಐಇಎಂ ತೆಗೆದುಕೊಳ್ಳಿ. ಇಂಪೀಡೆನ್ಸ್ 9 ಓಮ್, ಸೆನ್ಸಿಟಿವಿಟಿ (ಕೊಟ್ಟ ಪವರಿಗೆ ಎಷ್ಟು ಸದ್ದು ಬರುತ್ತದೆ ಅನ್ನುವುದು) ಮಿಲಿವ್ಯಾಟ್‌ಗೆ 114 ಡೆಸಿಬೆಲ್. 9 ಓಮ್‌ಗೆ 1 ವೋಲ್ಟ್ ಕೊಟ್ಟರೆ ಸುಮಾರು 111 ಮಿಲಿವ್ಯಾಟ್, ಅಂದರೆ ಇನ್ನೂ 20.5 ಡೆಸಿಬೆಲ್ ಸೇರಿ ವೋಲ್ಟ್‌ಗೆ 134.5. ಸರಾಸರಿ 85 ಡೆಸಿಬೆಲ್‌ನಲ್ಲಿ ಕೇಳುತ್ತಾ ಏರುದನಿಗೆ ಮೇಲೆ 20 ಬಿಟ್ಟುಕೊಂಡರೂ ಬೇಕಾಗುವುದು 105. ಅದಕ್ಕೆ 34 ಮಿಲಿವೋಲ್ಟ್ ಸಾಕು. 4 ವೋಲ್ಟ್ ಕೊಡುವ ಪ್ಲೇಯರ್ ಇಲ್ಲಿ ಏನು ಮಾಡಬೇಕು ಹೇಳಿ! ಅದೇ ಪ್ಲೇಯರಿನ ನಾಯ್ಸ್, ಅಂದರೆ ಆ ಹಿಸ್, 3 ಮೈಕ್ರೋವೋಲ್ಟ್ ಇದ್ದರೆ ಈ ಐಇಎಂನಲ್ಲಿ 24 ಡೆಸಿಬೆಲ್ ಆಗಿ ಕೇಳುತ್ತದೆ. ರಾತ್ರಿ ಫ್ಯಾನ್ ನಿಲ್ಲಿಸಿದ ಕೋಣೆಯಲ್ಲಿ ಎದ್ದು ಕಾಣುವಷ್ಟು. ವೋಲ್ಟ್‌ಗೆ 110 ಡೆಸಿಬೆಲ್‌ನ ಐಇಎಂ ಹಾಕಿದರೆ ಅದೇ ನಾಯ್ಸ್ ಸೊನ್ನೆಯ ಹತ್ತಿರ ಇಳಿದು ಕಿವಿಗೆ ಬೀಳುವುದೇ ಇಲ್ಲ. ಒಬ್ಬರು ಹೊಗಳಿದ ಪ್ಲೇಯರನ್ನು ಇನ್ನೊಬ್ಬರು ತೆಗಳಲು ಎಷ್ಟೋ ಸಲ ಕಾರಣ ಇಷ್ಟೇ.

ಇಂಪೀಡೆನ್ಸಿನ ವಿಷಯ ಇದಕ್ಕಿಂತ ಸೂಕ್ಷ್ಮ. ಡಬ್ಬದ ಮೇಲಿನ ಓಮ್ ಅಂಕಿ ಸಾಮಾನ್ಯವಾಗಿ 1 ಕಿಲೋಹರ್ಟ್ಸ್‌ನದು. ಒಂದೇ ಡೈನಾಮಿಕ್ ಡ್ರೈವರ್ (ಡ್ರೈವರ್ ಅಂದರೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) ಇರುವ ಐಇಎಂ, ಪ್ಲೇನರ್ ಡ್ರೈವರಿನ ಐಇಎಂ ಇವುಗಳಲ್ಲಿ ಅದು ಹೆಚ್ಚು ಕಡಿಮೆ ಎಲ್ಲ ಕಡೆ ಅಷ್ಟೇ ಇರುತ್ತದೆ. ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನುವ ಬಗೆಯ ಡ್ರೈವರ್ ನಾಲ್ಕೈದು ಸೇರಿದಲ್ಲಿ, ಸ್ವರಗಳನ್ನು ಅವಕ್ಕೆ ಹಂಚುವ ಕ್ರಾಸ್‌ಓವರ್ ದೆಸೆಯಿಂದ, ಏರಿಳಿತ ಬೆಟ್ಟಗುಡ್ಡದ ಹಾಗೆ. ಒಂದು ಕಡೆ 40 ಓಮ್, ಮೇಲಿನ ಸ್ವರಗಳಲ್ಲಿ 4 ಓಮ್ ಅಂತಿಟ್ಟುಕೊಳ್ಳಿ. ಪ್ಲೇಯರಿನ ಔಟ್‌ಪುಟ್ 2 ಓಮ್ ಇದ್ದರೆ 4 ಓಮ್ ಇರುವಲ್ಲಿ 3.5 ಡೆಸಿಬೆಲ್ ಕಳೆದುಹೋಗುತ್ತದೆ, 40 ಇರುವಲ್ಲಿ 0.4 ಮಾತ್ರ. ತಂಬೂರಿಯ ಜೀವಾಳ ಮಂಕಾಗಿ, ‘ಈ ಪ್ಲೇಯರ್ ವಾರ್ಮ್’ ಅಂತ ಹೆಸರು ಬರುವುದು ಹೀಗೆ. ಔಟ್‌ಪುಟ್ ಅರ್ಧ ಓಮ್‌ಗೆ ಇಳಿದರೆ ಈ ವ್ಯತ್ಯಾಸ 1 ಡೆಸಿಬೆಲ್ ಒಳಗೆ ಬರುತ್ತದೆ. ಔಟ್‌ಪುಟ್ ಇಂಪೀಡೆನ್ಸ್ ಐಇಎಂನದರ ಎಂಟನೇ ಒಂದು ಭಾಗ ಇದ್ದರೆ ಸಾಕು ಅನ್ನುವ ಹಳೆಯ ಲೆಕ್ಕವನ್ನು ಡಬ್ಬದ ಅಂಕಿಗಲ್ಲ, ಅತಿ ತಗ್ಗಿನ ಅಂಕಿಗೆ ಹಾಕಬೇಕು.

ಕಂಪನಿ ಹೇಳುವ ಔಟ್‌ಪುಟ್ ಇಂಪೀಡೆನ್ಸನ್ನು ನಂಬದೆ ಅಳೆದುಬಿಡುತ್ತೇನೆ. ಆಡಾಸಿಟಿ ಅನ್ನುವ ಆಡಿಯೋ ಸಾಫ್ಟ್‌ವೇರಿನಲ್ಲಿ 100 ಹರ್ಟ್ಸ್ ಸೈನ್ ಟೋನ್ ಫೈಲ್ ಮಾಡಿ ಪ್ಲೇಯರಿಗೆ ಹಾಕಿ. ಒಂದು 3.5 ಮಿ.ಮೀ. ಪ್ಲಗ್‌ನ ತುದಿಗೂ ಬುಡಕ್ಕೂ ಎರಡು ತಂತಿ ಬೆಸೆದು ಹೊರಗೆ ತೆಗೆಯಿರಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಸುಮಾರು 200 ಮಿಲಿವೋಲ್ಟ್ ಬರುವ ತನಕ ವಾಲ್ಯೂಮ್ ಏರಿಸಿ. ಈಗ ವಾಲ್ಯೂಮ್ ಮುಟ್ಟದೆ ತಂತಿಗಳ ನಡುವೆ 10 ಓಮ್, ಶೇಕಡಾ 1 ಟಾಲರೆನ್ಸಿನ ರೆಸಿಸ್ಟರ್ ಸೇರಿಸಿ ಮತ್ತೆ ಓದಿ. 200 ಇದ್ದದ್ದು 182 ಆದರೆ: 200 ಭಾಗಿಸು 182, ಅದರಲ್ಲಿ 1 ಕಳೆ, 10ರಿಂದ ಗುಣಿಸು. ಸುಮಾರು 1 ಓಮ್. ರೆಸಿಸ್ಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ; ಮೀಟರ್ ವಿಷಯದಲ್ಲಿ ಮಾತ್ರ ಜೋಕೆ. ಡಿಟಿ830 ಥರದ ಅಗ್ಗದ ಮೀಟರಿನಲ್ಲಿ ಎಸಿಯ ಅತಿ ಕೆಳಗಿನ ರೇಂಜೇ 200 ವೋಲ್ಟ್, ಇಲ್ಲಿ ಅದು ಕೆಲಸಕ್ಕೆ ಬಾರದು. 2 ವೋಲ್ಟ್ ಅಥವಾ ಅದಕ್ಕೂ ಕೆಳಗಿನ ಎಸಿ ರೇಂಜ್ ಇರಬೇಕು. ತಂತಿಗಳು ಒಂದಕ್ಕೊಂದು ತಾಗಿದರೆ ಪ್ಲೇಯರಿನೊಳಗಿನ ಆಂಪ್ (ಆಂಪ್ಲಿಫೈಯರ್) ಶಾರ್ಟ್ ಆಗುತ್ತದೆ, ಒಂದಕ್ಕೆ ಟೇಪ್ ಸುತ್ತಿರಿ.

ಹಿಸ್ ಪರೀಕ್ಷಿಸುವಾಗ ಹಾಡು ನಿಲ್ಲಿಸಿ ಕಿವಿಗೊಡುವುದು ತಪ್ಪು. ನಿಲ್ಲಿಸಿದ ಕೆಲವು ಸೆಕೆಂಡಿಗೆ ಎಷ್ಟೋ ಪ್ಲೇಯರುಗಳು ಆಂಪನ್ನೇ ಮ್ಯೂಟ್ ಮಾಡುತ್ತವೆ. ಪೂರ್ತಿ ಮೌನದ ಫೈಲ್ ಒಂದನ್ನು ನುಡಿಸಿ ಕೇಳಬೇಕು. ವಾಲ್ಯೂಮ್ ಬದಲಿಸಿದರೂ ಹಿಸ್ ಅಷ್ಟೇ ಇದ್ದರೆ ಅದು ಆಂಪಿನದು. ಮೊದಲು ಗೇನ್ (ಆಂಪ್ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಸೆಟ್ಟಿಂಗ್) ‘ಲೋ’ಗೆ ತನ್ನಿ, ವಾಲ್ಯೂಮ್ ನಾಲ್ಕನೇ ಮೆಟ್ಟಿಲಲ್ಲೇ ಕಿವಿ ತುಂಬುವ ಕಿರಿಕಿರಿಯೂ ಇದರಿಂದ ತಗ್ಗುತ್ತದೆ. ಅಷ್ಟಕ್ಕೂ ಹೋಗದಿದ್ದರೆ ನಡುವೆ ಸದ್ದು ತಗ್ಗಿಸುವ ಸಣ್ಣ ಅಟೆನ್ಯುಯೇಟರ್ ಕಟ್ಟುತ್ತೇನೆ: ಪ್ರತಿ ಚಾನೆಲ್ಲಿಗೆ 10 ಓಮ್ ಸಾಲಿನಲ್ಲಿ, ಆಮೇಲೆ 1 ಓಮ್ ಅಡ್ಡಲಾಗಿ ಗ್ರೌಂಡಿಗೆ. 9 ಓಮ್ ಐಇಎಂಗೆ ಸುಮಾರು 22 ಡೆಸಿಬೆಲ್ ಇಳಿಯುತ್ತದೆ, ಹಿಸ್ ಕೂಡ ಅಷ್ಟೇ ಇಳಿಯುತ್ತದೆ. ಜೊತೆಗೆ ಐಇಎಂಗೆ ಕಾಣುವ ಔಟ್‌ಪುಟ್ ಇಂಪೀಡೆನ್ಸ್, ಪ್ಲೇಯರಿನದು ಎಷ್ಟೇ ಇರಲಿ, 1 ಓಮ್ ದಾಟುವುದಿಲ್ಲ. ರೆಸಿಸ್ಟರ್ ಕಾಲುಗಳಿಗೆ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಹಾಕುವುದು ಮರೆಯಬೇಡಿ.

4.4 ಮಿ.ಮೀ. ಬ್ಯಾಲೆನ್ಸ್ಡ್ ಜ್ಯಾಕಿಗೆ (ಎಡ ಬಲಕ್ಕೆ ಬೇರೆ ಬೇರೆ ಮೈನಸ್ ಇರುವಂಥದು) ಹೋದರೆ ಎಲ್ಲವೂ ಮೇಲು ಅನ್ನುವುದು ಅರ್ಧ ಸತ್ಯ. ವೋಲ್ಟೇಜ್ ಇಮ್ಮಡಿ, ಸಾಮಾನ್ಯವಾಗಿ ಔಟ್‌ಪುಟ್ ಇಂಪೀಡೆನ್ಸೂ ಇಮ್ಮಡಿ. ಸೂಕ್ಷ್ಮ ಐಇಎಂಗಳನ್ನು ನಾನು 3.5ರಲ್ಲೇ ಇಡುತ್ತೇನೆ. ಇನ್ನೊಂದು: 4.4 ಪ್ಲಗ್ ಇರುವ ಐಇಎಂ ಅನ್ನು ಅಡಾಪ್ಟರ್ ಹಾಕಿ 3.5 ಜ್ಯಾಕಿಗೆ ಚುಚ್ಚಬಹುದು. ತಿರುವುಮುರುವು ಬೇಡ. ಬ್ಯಾಲೆನ್ಸ್ಡ್ ಔಟ್‌ಪುಟ್ಟಿಗೆ 3.5 ಪ್ಲಗ್ ಸೇರಿಸಿದರೆ ಎಡ ಬಲದ ಎರಡೂ ಮೈನಸ್ ಒಂದಕ್ಕೊಂದು ಕೂಡಿ ಆಂಪ್ ಸುಡಬಹುದು.

ಬೇಸ್ ಇಲ್ಲ ಅಂತ ಪ್ಲೇಯರನ್ನು ದೂರುವ ಮೊದಲು ಇಯರ್‌ಟಿಪ್ ನೋಡಿ. ಮೃದಂಗದ ತೊಪ್ಪಿಯ ನಾದ ಟೊಳ್ಳಾಗಿ ಕೇಳಿದರೆ ಕಿವಿ ಸರಿಯಾಗಿ ಮುಚ್ಚಿಲ್ಲ ಎಂದರ್ಥ. ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗೆ ಕೂರಿಸಿ, ಒಂದು ಸೈಜ್ ದೊಡ್ಡ ಟಿಪ್ ಹಾಕಿ ನೋಡಿ. ಎಡಬಲಕ್ಕೆ ಬೇರೆ ಬೇರೆ ಸೈಜ್ ಬೇಕಾಗುವುದು ಮಾಮೂಲು. ಫೋಮ್ ಟಿಪ್ ಚೆನ್ನಾಗಿ ಮುಚ್ಚುತ್ತದೆ, ಆದರೆ ಮೇಲಿನ ಸ್ವರಗಳನ್ನು ಸ್ವಲ್ಪ ನುಂಗುತ್ತದೆ. ಕೇಬಲ್ಲಿಗೆ ಸುರಿಯುವ ಹಣಕ್ಕಿಂತ ಟಿಪ್ಪಿಗೆ ಹಾಕಿದ ಹಣ ಬೇಗ ಕಿವಿಗೆ ತಿಳಿಯುತ್ತದೆ.

ಫೈಲುಗಳ ಬಗ್ಗೆ ಹೆಚ್ಚಿಲ್ಲ. 24 ಬಿಟ್, 96 ಕಿಲೋಹರ್ಟ್ಸ್ ಸ್ಟೀರಿಯೋ ಒಂದು ಗಂಟೆಗೆ ಕಂಪ್ರೆಸ್ ಮಾಡದೆ 2 ಜಿಬಿ ದಾಟುತ್ತದೆ. ಗುಣ ಕೆಡದಂತೆ ಕುಗ್ಗಿಸುವ ಫ್ಲಾಕ್ ಮಾಡಿದರೆ ಕಡಿಮೆ. ಈಕ್ಯೂ (ಈಕ್ವಲೈಜರ್) ಬಳಸುವವರು ಎಲ್ಲಿ 4 ಡೆಸಿಬೆಲ್ ಏರಿಸಿದ್ದರೂ ಅದರ ಪ್ರೀಆಂಪನ್ನು (ಒಟ್ಟು ಮಟ್ಟವನ್ನು) ಮೈನಸ್ 4ಕ್ಕೆ ಇಳಿಸಲಿ, ಇಲ್ಲದಿದ್ದರೆ ಏರುದನಿ ಒಡೆಯುತ್ತದೆ.

ಎರಡು ಪ್ಲೇಯರ್ ಹೋಲಿಸುವಾಗ ವಾಲ್ಯೂಮನ್ನು ಕಿವಿಯಿಂದ ಸಮ ಮಾಡಲು ಆಗುವುದಿಲ್ಲ. ಒಂದಿಷ್ಟು ಜೋರಾಗಿರುವುದೇ ಚೆಂದ ಅನಿಸುತ್ತದೆ. ಐಇಎಂ ಚುಚ್ಚಿದ ಸ್ಥಿತಿಯಲ್ಲೇ, ಸ್ಪ್ಲಿಟರ್ ಹಾಕಿ, 1 ಕಿಲೋಹರ್ಟ್ಸ್ ಟೋನ್ ನುಡಿಸಿ ಮೀಟರಿನಲ್ಲಿ ಎರಡನ್ನೂ ಸಮಕ್ಕೆ ತರುತ್ತೇನೆ. ಎಷ್ಟೋ ಮೀಟರುಗಳ ಎಸಿ ಓದು 400 ಹರ್ಟ್ಸ್ ಮೇಲೆ ಕರಾರುವಾಕ್ಕಲ್ಲ, ಆದರೆ ತಪ್ಪು ಎರಡಕ್ಕೂ ಒಂದೇ ಆದ್ದರಿಂದ ಇಲ್ಲಿ ತೊಂದರೆಯಿಲ್ಲ. ಒಂದರಲ್ಲಿ 200 ಮಿಲಿವೋಲ್ಟ್ ಬಂದರೆ ಇನ್ನೊಂದರಲ್ಲಿ 198ರಿಂದ 202ರೊಳಗೆ ಇರಲಿ. ಟೋನ್ ನುಡಿಯುವಾಗ ಐಇಎಂ ಕಿವಿಯಲ್ಲಿರಬಾರದು.