ಸಿಡಿಲಿನ ಹಾಗೆ ತಲೆನೋವು ಬಂದರೆ ಮೊದಲು ಗಡಿಯಾರ ನೋಡಿ

ನಮ್ಮ ಕರಾವಳಿಯಲ್ಲಿ ತಲೆನೋವಿಗೆ ಕಾರಣ ಹುಡುಕಿ ಹೋಗಬೇಕಾಗಿಲ್ಲ. ಮೇ ತಿಂಗಳ ಸೆಕೆ, ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದ ನಿದ್ದೆಗೇಡು, ಪಿತ್ತ, ಗ್ಯಾಸ್. ಹಣೆಗೆ ಬಾಮ್ ಹಚ್ಚಿ, ಒಂದು ಬೊಂಡ (ಎಳನೀರು) ಕುಡಿದು ಮಲಗಿದರೆ ಹೆಚ್ಚಿನವು ಹೋಗಿಯೂ ಬಿಡುತ್ತವೆ. ಅದೇ ಅಭ್ಯಾಸದಲ್ಲಿ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕಾದವರನ್ನೂ ಮನೆಯಲ್ಲೇ ಮಲಗಿಸಿಬಿಡುತ್ತೇವೆ.

ಮೊದಲ ಕೆಲಸ, ಆ ನೋವನ್ನು ಗುರುತಿಸುವುದು. "ಎಷ್ಟು ನೋವು?" ಅಂತ ಕೇಳಿ ಪ್ರಯೋಜನವಿಲ್ಲ, ಮೈಗ್ರೇನ್ ಇರುವವರೂ ತಡೆಯಲಾಗದು ಅನ್ನುತ್ತಾರೆ. "ಎಷ್ಟು ಬೇಗ ಏರಿತು?" ಅಂತ ಕೇಳಿ. ಮೈಗ್ರೇನ್ ಸಾಮಾನ್ಯವಾಗಿ ನಿಧಾನವಾಗಿ ಹೆಚ್ಚುತ್ತದೆ. ಅಪಾಯದ ನೋವು ಒಂದು ನಿಮಿಷದ ಒಳಗೇ ತುದಿ ಮುಟ್ಟಿರುತ್ತದೆ. ಬಚ್ಚಲಲ್ಲಿದ್ದೆ, ಮೀನು ಕೊಯ್ಯುತ್ತಿದ್ದೆ, ಹಿಂದಿನಿಂದ ಯಾರೋ ಹೊಡೆದ ಹಾಗಾಯಿತು ಅಂತ ರೋಗಿ ಆ ಕ್ಷಣವನ್ನೇ ಹೇಳಿಬಿಡಬಹುದು. ಜೊತೆಗೆ ವಾಂತಿ, ಕುತ್ತಿಗೆ ಬಿಗಿತ, ಎರಡೆರಡು ಕಾಣುವುದು, ಒಂದು ಕಣ್ಣಿನ ರೆಪ್ಪೆ ಜೋಲುವುದು, ಎಚ್ಚರ ತಪ್ಪುವುದು ಇದ್ದರೆ ಅನುಮಾನ ಇನ್ನೂ ಜಾಸ್ತಿ. ಅವು ಯಾವುವೂ ಇಲ್ಲದಿದ್ದರೂ ಸುಮ್ನೆ ಕೂರಬೇಡಿ.

ಇಂಥ ನೋವೆಲ್ಲ ಮೆದುಳಿನ ರಕ್ತಸ್ರಾವವೇ ಅಂತಲ್ಲ. ಆದರೆ ಮೆದುಳಿನ ರಕ್ತನಾಳದಲ್ಲಿ ಬಲೂನಿನ ಹಾಗೆ ಉಬ್ಬಿದ ಜಾಗ ಒಡೆದಾಗ ಹೀಗೇ ಆಗುತ್ತದೆ. ಮೆದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿದರೂ ಆಗಬಹುದು. ಬಾಣಂತಿಯರಲ್ಲಿ ಅದರ ಸಾಧ್ಯತೆ ಹೆಚ್ಚು. ಬಾಣಂತಿಗೆ ಜೋರು ತಲೆನೋವು ಬಂದರೆ ಶೀತ ಅಂತ ತಲೆಗೆ ಬಟ್ಟೆ ಕಟ್ಟಿ ಕೂರಿಸಬೇಡಿ.

ಎರಡನೆಯದು, ನೋವು ಶುರುವಾದ ಹೊತ್ತನ್ನು ಬರೆದಿಡಿ. ನೆನಪಿರುತ್ತದೆ ಅಂದುಕೊಳ್ಳಬೇಡಿ, ಗಾಬರಿಯಲ್ಲಿ ಇರುವುದಿಲ್ಲ. ಮೊದಲ 6 ಗಂಟೆಯೊಳಗೆ ಸಿ.ಟಿ. ಸ್ಕ್ಯಾನ್ ಮಾಡಿದರೆ ಇಂಥ ರಕ್ತಸ್ರಾವ ಕಣ್ಣಿಗೆ ಬೀಳದೆ ಹೋಗುವುದು ಬಹಳ ಅಪರೂಪ. ಹೊತ್ತು ಕಳೆದಂತೆ ರಕ್ತ ತೆಳುವಾಗುತ್ತದೆ, ಸ್ಕ್ಯಾನ್‌ನಲ್ಲಿ ಏನೂ ಇಲ್ಲದ ಹಾಗೆ ಕಾಣಬಹುದು. ಆಗ ಮೆದುಳು, ಬೆನ್ನುಹುರಿಯ ಸುತ್ತ ಇರುವ ನೀರನ್ನು ಬೆನ್ನಿನಿಂದ ತೆಗೆದು ನೋಡಬೇಕಾಗುತ್ತದೆ. ಒಳಗೆ ರಕ್ತ ಸೋರಿ ಕೆಲವು ಗಂಟೆಗಳಾಗಿದ್ದರೆ ಆ ನೀರು ಹಳದಿಯಾಗಿರುತ್ತದೆ. "ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತದೆ" ಅಂತ ಸಹಿ ಹಾಕಲು ಹಿಂದೇಟು ಹಾಕುವವರು ಈಗಲೂ ಇದ್ದಾರೆ. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ಸೊಂಟದ ಕೆಳಭಾಗದಲ್ಲಿ ಸೂಜಿ ಹಾಕುತ್ತಾರೆ. ಆಮೇಲೆ ಕೆಲವು ದಿನ ತಲೆನೋವು ಬರಬಹುದು, ಬೇರೆ ದೊಡ್ಡ ತೊಂದರೆ ಅಪರೂಪ. ಹೆದರಿ ಬೇಡ ಅನ್ನಬೇಡಿ.

ಮೂರನೆಯದು, 108ಕ್ಕೆ ಕರೆ. ರೋಗಿ ತಾನೇ ಕಾರು ಓಡಿಸುವುದೂ ಬೇಡ, ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋಗುವುದೂ ಬೇಡ. ದಾರಿಯಲ್ಲಿ ಎಚ್ಚರ ತಪ್ಪಿದರೆ ಏನು ಮಾಡುತ್ತೀರಿ? ಬೈಂದೂರು, ಬೆಳ್ತಂಗಡಿಯಂಥ ದೂರದ ಕಡೆಯವರು ಒಂದು ಮಾತು ಕೇಳಿಕೊಳ್ಳಬೇಕು: ಈಗ, ಈ ಹೊತ್ತಿಗೆ, ಸಿ.ಟಿ. ಎಲ್ಲಿ ಆಗುತ್ತದೆ? ಸಂಜೆ ಡಾಕ್ಟ್ರು ಬರುತ್ತಾರೆ ಅಂತ ಕ್ಲಿನಿಕ್ ಬಾಗಿಲಲ್ಲಿ ಕಾಯುವ ಕಾಯಿಲೆ ಇದಲ್ಲ. ಮಂಗಳೂರಿನ ವೆನ್‌ಲಾಕ್ ಇರಲಿ, ಮಣಿಪಾಲದ ಕಸ್ತೂರ್ಬಾ ಇರಲಿ, ನೇರವಾಗಿ ತುರ್ತು ವಿಭಾಗಕ್ಕೇ ಹೋಗಿ, ಹೊರರೋಗಿ ಚೀಟಿಯ ಸಾಲಿಗಲ್ಲ.

ಗಾಡಿ ಬರುವ ತನಕ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಒಳಗೆ ರಕ್ತ ಸೋರುತ್ತಿದ್ದರೆ ಅವು ಹೆಪ್ಪುಗಟ್ಟಲು ಬಿಡುವುದಿಲ್ಲ. ಬಿಪಿ ಮಾತ್ರೆ ಒಂದು ಜಾಸ್ತಿ ಕೊಡುವ ಉಪಾಯವೂ ಬೇಡ. ಗಂಜಿ, ಚಾ, ಬೊಂಡ ಏನೂ ಬೇಡ. ವಾಂತಿಯಾಗುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ.

ಆಸ್ಪತ್ರೆಯಲ್ಲಿ "ತಲೆನೋವು" ಅಂತ ಮಾತ್ರ ಹೇಳಿದರೆ ಕಾಯಿಸುವ ಸಂಭವ ಇದೆ. "ಹತ್ತೂವರೆಗೆ ಶುರುವಾಯಿತು, ಒಂದೇ ನಿಮಿಷದಲ್ಲಿ ಏರಿತು, ಇಂಥದ್ದು ಹಿಂದೆ ಬಂದಿಲ್ಲ" ಅನ್ನಿ. ತೆಗೆದುಕೊಳ್ಳುವ ಮಾತ್ರೆಗಳನ್ನು ಒಯ್ಯಿರಿ, ರಕ್ತ ತೆಳು ಮಾಡುವ ಮಾತ್ರೆಯಿದ್ದರೆ ಅದನ್ನು ಮೊದಲೇ ತೋರಿಸಿ. ಬಿಪಿ, ಬೀಡಿ ಸಿಗರೇಟು, ಮನೆಯಲ್ಲಿ ಯಾರಿಗಾದರೂ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದು, ಮುಚ್ಚಿಡದೆ ಹೇಳಿ.

ಇನ್ನು, ನೋವು ತಾನಾಗಿ ಇಳಿದರೆ? ಆಗಲೂ ಹೋಗಬೇಕು. ದೊಡ್ಡದಾಗಿ ಒಡೆಯುವ ಮೊದಲು ಸಣ್ಣ ಸೋರಿಕೆ ಆಗುವುದುಂಟು. ಒಮ್ಮೆ ಸೋರಿದ್ದು ಮತ್ತೆ ಒಡೆಯುವ ಅಪಾಯ ಮೊದಲ 24 ಗಂಟೆಯಲ್ಲೇ ಹೆಚ್ಚು. ಸಮಯಕ್ಕೆ ಸಿಕ್ಕಿದರೆ ರಕ್ತನಾಳದ ಮೂಲಕವೇ ಸಣ್ಣ ಸುರುಳಿ ಕಳಿಸಿ ಆ ಉಬ್ಬನ್ನು ತುಂಬಿಸಬಹುದು, ಇಲ್ಲವೇ ಆಪರೇಷನ್ ಮಾಡಿ ಕ್ಲಿಪ್ ಹಾಕಬಹುದು.

ಮಕ್ಕಳು ಮುಂಬಯಿಯಲ್ಲೋ ದುಬೈಯಲ್ಲೋ ಇದ್ದು, ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ ಅಲ್ವಾ? ಅಂಥವರು 108 ಆದ ಕೂಡಲೇ ಪಕ್ಕದ ಮನೆಗೆ ಫೋನ್ ಮಾಡಲಿ, ಮಕ್ಕಳಿಗೆ ಆಮೇಲೆ. ನಮ್ಮ ಮನೆಗಳು ತೋಟದ ಒಳಗೆ, ಮುಖ್ಯರಸ್ತೆಯಿಂದ ದೂರ. ಗೇಟು ತೆಗೆದು, ನಾಯಿ ಕಟ್ಟಿ, ತಿರುವಿನಲ್ಲಿ ಒಬ್ಬರು ಟಾರ್ಚು ಹಿಡಿದು ನಿಂತರೆ ಆಂಬುಲೆನ್ಸ್‌ನವರು ಹುಡುಕುತ್ತಾ ಅಲೆಯುವುದು ತಪ್ಪುತ್ತದೆ.